ಹೆರಿಗೆಯಾದ ಮೇಲೆ ಗರ್ಭಕೋಶ ಏಕೆ ಗಟ್ಟಿಯಾಗಬೇಕು?



ಎರಡನೆಯ ಮಗುವಿಗೋ ಮೂರನೆಯ ಮಗುವಿಗೋ ಮೊದಲ ದಿನ ಹಾಲು ಕುಡಿಸುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗರ್ಭಕೋಶ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು. ಆ ಕೆಲಸ ನಿಂತರೆ ಬಾಣಂತಿಯ ಜೀವಕ್ಕೇ ಅಪಾಯ.

ಕೊಡ ಎತ್ತುವ ತೋಳಿನ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕರುಳು, ರಕ್ತನಾಳ, ಮೂತ್ರಕೋಶ, ಗರ್ಭಕೋಶದ ಗೋಡೆಯಲ್ಲಿರುವ ಸ್ನಾಯು ಹಾಗಲ್ಲ, ತನ್ನ ಪಾಡಿಗೆ ತಾನೇ ಬಿಗಿಯುತ್ತದೆ, ಸಡಿಲವಾಗುತ್ತದೆ. ತೋಳಿನ ಸ್ನಾಯುವಿನಲ್ಲಿರುವಂಥ ಅಡ್ಡಗೆರೆ ಇದರಲ್ಲಿಲ್ಲ. ಅದಕ್ಕೇ ಇದನ್ನು ನಯ ಸ್ನಾಯು ಅಂತಾರೆ. ಇದರ ಒಂದೊಂದು ಜೀವಕೋಶವೂ ಉಣ್ಣೆ ನೂಲುವ ಕದಿರಿನ ಹಾಗೆ ನಡುವೆ ದಪ್ಪ, ತುದಿಗಳಲ್ಲಿ ಚೂಪು. ಒಳಗೆ ಸಣ್ಣ ಎಳೆಗಳು ಬಲೆಯಂತೆ ಓರೆಯಾಗಿ ಹಾದು ಜೀವಕೋಶದ ಗೋಡೆಗೆ ಅಂಟಿಕೊಂಡಿವೆ. ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ, ಒಳಗೆ ಬಂದಾಗ ದಪ್ಪ ಎಳೆ ತೆಳು ಎಳೆಯನ್ನು ಹಿಡಿದು ಜಗ್ಗುತ್ತದೆ, ಇಡೀ ಜೀವಕೋಶ ಮುದುಡಿ ಗಿಡ್ಡವಾಗುತ್ತದೆ. ಕೆಲಸ ನಿಧಾನ. ಆದರೆ ಹೆಚ್ಚು ಶಕ್ತಿ ಖರ್ಚಿಲ್ಲದೆ ಬಹಳ ಹೊತ್ತು ಬಿಗಿಹಿಡಿದಿರಬಲ್ಲದು. ತುಂಬಿದ ಕೊಡ ಹಿಡಿದು ನಿಂತರೆ ನಮ್ಮ ಕೈ ಎಷ್ಟು ಬೇಗ ಸೋಲುತ್ತದೆ ಅಲ್ವಾ!

ಬಸಿರಿಗೆ ಮುಂಚೆ 60-70 ಗ್ರಾಂ ತೂಗುವ ಗರ್ಭಕೋಶ ದಿನ ತುಂಬುವಾಗ ಸುಮಾರು ಒಂದು ಕಿಲೋ ಆಗಿರುತ್ತದೆ. ಆಗ ಅದಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವುಗಳ ಸುತ್ತಲೂ ಸ್ನಾಯುವಿನ ಎಳೆಗಳು ಹೆಣೆದಿವೆ. ಅಜ್ಜಿಯರ ಎಲೆಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚುತ್ತದಲ್ಲ, ಹಾಗೆಯೇ ಸ್ನಾಯು ಬಿಗಿದಾಗ ನಾಳಗಳು ಮುಚ್ಚುತ್ತವೆ. ಹೊರಗಿನಿಂದ ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದರೆ ಈ ಕೆಲಸ ಆಗುವುದಿಲ್ಲ. ಸ್ನಾಯು ಬಿಗಿಯದೆ ರಕ್ತ ಹೋಗುತ್ತಲೇ ಇದ್ದರೆ ಗಟ್ಟಿಮುಟ್ಟಾದ ಹೆಂಗಸೂ ಒಂದೆರಡು ಗಂಟೆಯಲ್ಲಿ ಪ್ರಾಣ ಬಿಡಬಹುದು. ರಕ್ತಹೀನತೆ ಇದ್ದವರಿಗಂತೂ ಅಷ್ಟು ಹೊತ್ತೂ ಬೇಡ.

ಬಿಗಿಯಲು ಹೇಳುವುದು ಮೆದುಳಿನಿಂದ ಬರುವ ಆಕ್ಸಿಟೋಸಿನ್. ಮಗು ಮೊಲೆ ಚೀಪಿದಾಗ ಅದು ರಕ್ತಕ್ಕೆ ಸೇರುತ್ತದೆ. ಗಿಣ್ಣುಹಾಲು ಹಿಂಡಿ ಚೆಲ್ಲಿ ಮೂರು ದಿನ ಮಗುವಿಗೆ ಮೊಲೆ ಕೊಡದಿದ್ದರೆ ನಷ್ಟ ಮಗುವಿಗೆ ಮಾತ್ರವಲ್ಲ, ತಾಯಿಗೂ. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ಕೊಡುವ ಸೂಜಿಯೂ ಇದೇ ಆಕ್ಸಿಟೋಸಿನ್. ಆದರೆ ಬೇಗ ಹೆರಿಗೆಯಾಗಲಿ ಅಂತ ಮಗು ಹುಟ್ಟುವ ಮುಂಚೆ ಮನೆಯಲ್ಲಿ ಇದನ್ನು ಹಾಕಿಸಬಾರದು. ಗರ್ಭಕೋಶ ಒಡೆಯಬಹುದು, ಮಗುವಿಗೆ ಉಸಿರು ಕಟ್ಟಬಹುದು.

ಇದೇ ಕೆಲಸಕ್ಕೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯೂ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ತಾಯಂದಿರಲ್ಲಿ ಇದನ್ನು ಪರೀಕ್ಷಿಸಿದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಮಿತಿಮೀರಿ ರಕ್ತ ಹೋದರೆ, ಸಿಕ್ಕವರಲ್ಲಿ ಸುಮಾರು 6 ಮಂದಿಗೆ ಮಾತ್ರ ಹೋಯಿತು.

ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಅನುಭವದ ಕೈಗಳು ಈಗ ಊರೂರಲ್ಲಿ ಇಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಆದರೂ ಬಾಣಂತಿಯ ಪಕ್ಕ ಕೂರುವವರು ಅಮ್ಮ, ಅತ್ತೆ, ಅಕ್ಕ, ಅಂದ್ರೆ ನಾವೇ. ಹೊಕ್ಕಳಿನ ಹತ್ತಿರ ಕೈಯಿಟ್ಟು ನೋಡಿ. ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿರಬೇಕು. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ, ಬಟ್ಟೆ ಮತ್ತೆ ಮತ್ತೆ ನೆನೆಯುತ್ತಿದ್ದರೆ, ತಲೆ ಸುತ್ತಿದರೆ ಕೂಡಲೇ ನರ್ಸನ್ನು ಕರೆಯಿರಿ. ಸಂಕೋಚಪಟ್ಟು ಕಾಯಬೇಡಿ. ಮೂತ್ರ ಕಟ್ಟಿಕೊಂಡರೂ ಗರ್ಭಕೋಶ ಬಿಗಿಯಲಾರದು, ಮೂತ್ರ ಮಾಡಿಸಿ.

ಅವಸರದಲ್ಲಿ ಮನೆಯಲ್ಲೇ ಹೆರಿಗೆಯಾದರೆ 108ಕ್ಕೆ ಫೋನ್ ಮಾಡಿ. ಮಾಸು ಬಿದ್ದ ಮೇಲೂ ರಕ್ತ ಜೋರಾಗಿದ್ದರೆ ಹೊಕ್ಕಳಿನ ಕೆಳಗೆ ಅಂಗೈಯಿಂದ ದುಂಡಗೆ ಉಜ್ಜುತ್ತಿರಿ, ಮಗುವನ್ನು ಮೊಲೆಗೆ ಹಚ್ಚಿ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ. ಗಾಡಿಯಲ್ಲೂ ಉಜ್ಜುವುದನ್ನು ನಿಲ್ಲಿಸಬೇಡಿ.