ಫಿರಂಗಿಯ ಬಾಯಿಗೆ ಕಲ್ಲಿನ ತುತ್ತು

‘ಗುಂಡು’ ಎಂದೊಡನೆ ಇಂದಿನ ಮಕ್ಕಳಿಗೆ ಬಂದೂಕು ನೆನಪಾಗುತ್ತದೆ. ನಮ್ಮ ತಾಯಂದಿರಿಗೆ ಅದು ಒರಳಿನಲ್ಲಿ ಉರುಳುವ ರುಬ್ಬುಗುಂಡು. ಊರಿನ ತರುಣರಿಗೆ ಎತ್ತಿ ಬಲ ತೋರಬೇಕಾದ ಗುಂಡುಕಲ್ಲು. ದುಂಡಗಿರುವುದೇ ಗುಂಡು, ಕೋವಿಯ ನಂಟು ಅದಕ್ಕೆ ಆಮೇಲೆ ಅಂಟಿದ್ದು. ಇಂಗ್ಲಿಷರೂ ಹಿಂದೆ ಫಿರಂಗಿಯ ಗುಂಡನ್ನು ‘ಗನ್‌ಸ್ಟೋನ್’, ಎಂದರೆ ಫಿರಂಗಿಗಲ್ಲು, ಎಂದೇ ಕರೆಯುತ್ತಿದ್ದರು. ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಲ್ಲಿ ಈ ಶಬ್ದವಿದೆ.

ಕಬ್ಬಿಣವಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು, ಆದರೆ ಎರಕ ಹೊಯ್ಯುವುದು ದುಬಾರಿಯಾಗಿತ್ತು. ಮೇಲಾಗಿ, ಅದೇ ಗಾತ್ರದ ಕಬ್ಬಿಣದ ಗುಂಡಿಗೆ ಹೋಲಿಸಿದರೆ ಕಲ್ಲಿನ ಗುಂಡು ಸುಮಾರು ಮೂರರಲ್ಲೊಂದು ಪಾಲು ತೂಗುತ್ತದೆ. ಹಗುರಾದ ಗುಂಡಿಗೆ ಕಡಿಮೆ ಮದ್ದು ಸಾಕು. ಅಂದಿನ ದೊಡ್ಡ ಫಿರಂಗಿಗಳಲ್ಲಿ ಅನೇಕವು ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯಂತೆ ಜೋಡಿಸಿ ಬಳೆಗಳಿಂದ ಬಿಗಿದವು. ಒತ್ತಡ ಮೀರಿ ಸಿಡಿದರೆ ಹಾರಿಸುವವರಿಗೇ ಮೃತ್ಯು. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನು 1460ರಲ್ಲಿ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯಲ್ಲಿ ಅಸುನೀಗಿದ್ದು ತನ್ನದೇ ಫಿರಂಗಿ ಸಿಡಿದು!

ಅದೇ ದೊರೆಗೆ 1457ರಲ್ಲಿ ಉಡುಗೊರೆಯಾಗಿ ಬಂದ ‘ಮಾನ್ಸ್ ಮೆಗ್’ ಈಗಲೂ ಎಡಿನ್‌ಬರೋ ಕೋಟೆಯಲ್ಲಿದೆ. ಅದರ ಬಾಯಿ ಸುಮಾರು 20 ಅಂಗುಲ. ಗುಂಡಿನ ತೂಕ ಸುಮಾರು 150 ಕಿಲೋ. 1558ರಲ್ಲಿ ರಾಣಿ ಮೇರಿಯ ವಿವಾಹದ ಸಂಭ್ರಮಕ್ಕೆ ಅದನ್ನು ಹಾರಿಸಿದಾಗ ಗುಂಡು ಸುಮಾರು ಎರಡು ಮೈಲಿಯಾಚೆ ಬಿದ್ದಿತು. ಅದನ್ನು ಹುಡುಕಿ ತಂದ ಆಳುಗಳಿಗೆ ಕೂಲಿ ಕೊಟ್ಟ ಲೆಕ್ಕ ಉಳಿದಿದೆ. ಒಂದು ಕಲ್ಲಿಗಾಗಿ ಇಷ್ಟು ಪಾಡೇ ಎಂದು ನಾವು ನಗಬಾರದು. ಫಿರಂಗಿಯ ಬಾಯಳತೆಗೆ ಸರಿಯಾಗಿ, ಎಲ್ಲಿಯೂ ಉಬ್ಬುತಗ್ಗಿಲ್ಲದಂತೆ ಬಂಡೆಯನ್ನು ದುಂಡಗೆ ಕೆತ್ತುವುದು ಕಲ್ಲುಕುಟಿಗನ ಎಷ್ಟೋ ಹೊತ್ತಿನ ದುಡಿಮೆ. ದೇವಾಲಯಕ್ಕೆ ಕಂಬ ಕಡೆಯುವ ಕೈಯ ಕುಶಲತೆಯೇ ಇಲ್ಲಿಯೂ ಬೇಕು. ಆದರೆ ಈ ಕೆತ್ತನೆಯ ಗತಿ ಗೋಡೆಗೆ ಬಡಿದು ಚೂರಾಗುವುದು.

1453ರಲ್ಲಿ ಕಾನ್ಸ್ಟಾಂಟಿನೋಪಲಿನ ಗೋಡೆಗಳನ್ನು ಜರ್ಜರಗೊಳಿಸಿದ್ದೂ ಕಲ್ಲುಗುಂಡುಗಳೇ. ಆ ಮಹಾಫಿರಂಗಿಯನ್ನು ಎರಕ ಹೊಯ್ದ ಅರ್ಬನ್ ಮೊದಲು ಸೇವೆಗೆ ನಿಂತದ್ದು ಆ ನಗರದ ಚಕ್ರವರ್ತಿಯ ಬಳಿಯಲ್ಲಿಯೇ. ತಕ್ಕ ಸಂಬಳ ಸಿಗದೆ ಅವನು ಸುಲ್ತಾನ ಎರಡನೆಯ ಮೆಹ್ಮದನನ್ನು ಸೇರಿದ.

ಎರಕದ ಕಬ್ಬಿಣ ಅಗ್ಗವಾದಂತೆ ಕಲ್ಲುಕುಟಿಗನ ಕೂಲಿಯೇ ಹೆಚ್ಚೆನಿಸತೊಡಗಿತು. ತುರ್ಕರು ಮಾತ್ರ ಕಲ್ಲನ್ನು ಬೇಗನೆ ಬಿಡಲಿಲ್ಲ. 1807ರಲ್ಲಿ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಕಲ್ಲುಗುಂಡುಗಳೇ ಎರಗಿದವು. ಇಂಗ್ಲಿಷಿನಲ್ಲಿಯೋ, ಗುಂಡು ಕಬ್ಬಿಣದ್ದಾದ ಮೇಲೂ ಕೆಲಕಾಲ ಅದನ್ನು ‘ಗನ್‌ಸ್ಟೋನ್’ ಎನ್ನುತ್ತಿದ್ದರು. ಅಲ್ಲಿನ ಮನೆತನಗಳ ಲಾಂಛನಗಳಲ್ಲಿ ಬರುವ ಕಪ್ಪು ಬಿಲ್ಲೆಗೂ ಅದೇ ಹೆಸರುಂಟು.