ಕೆಪ್ಪಜೋಗದಲ್ಲಿ ಕೇಳಿಸದ ಮಾತು

‘ಒಂದಿನ ಬೈಕಲ್ಲಿ ಸಮುದ್ರಕ್ಕೆ ಹೋಗಿಬರೋಣ’ ಎಂದು ಮೊದಲ ಸೆಮಿಸ್ಟರ್‌ನಿಂದ ಹೇಳಿಕೊಂಡು ಬಂದವರು ನಾವು. ನಾನು ಸಿದ್ದಾಪುರದವನು, ಅವನು ಯಲ್ಲಾಪುರದವನು. ಇಬ್ಬರಿಗೂ ಘಟ್ಟ ಇಳಿದರೆ ಸಮುದ್ರ. ಅಷ್ಟು ಹತ್ತಿರ ಇದೆ ಎಂಬ ಕಾರಣಕ್ಕೇ ಎರಡು ವರ್ಷ ಹೋಗಲಿಲ್ಲ. ಕಳೆದ ದಸರಾ ರಜೆಯಲ್ಲಿ ಅವನೇ ಫೋನ್ ಮಾಡಿದ. ‘ಅಪ್ಪಯ್ಯ ಬೈಕ್ ಕೊಡ್ತ್ನಡ. ಶಿರಸಿಗೆ ಬಾರೋ ಮಾರಾಯ.’

ಪ್ಲ್ಯಾನ್ ಕೂಡ ಅವನದೇ. ಅಘನಾಶಿನಿ ಹುಟ್ಟುವ ಜಾಗದಿಂದ ಸಮುದ್ರ ಸೇರುವ ಜಾಗದವರೆಗೆ ಹೋಗುವುದು, ಅಂಕೋಲಾ ಮೇಲೆ ಯಲ್ಲಾಪುರಕ್ಕೆ ಬಂದು ರಾತ್ರಿ ಅವರ ಮನೆಯಲ್ಲಿ ಉಳಿಯುವುದು. ಎಲ್ಲ ಸೇರಿ 250 ಕಿ.ಮೀ. ಆಸುಪಾಸು. ‘ಘಟ್ಟದಲ್ಲಿ ಜೋರು ಹೋಗಡಿ ತಮಾ’ ಎಂದು ಆಯಿ ನಾಲ್ಕು ಸಲ ಹೇಳಿ ಕಳಿಸಿದಳು. ಮೊದಲ ಬಸ್ಸಿಗೆ ಶಿರಸಿಗೆ ಬಂದಾಗ ಅವನು ಹಳೆಯ ಸ್ಪ್ಲೆಂಡರ್ ಒರಗಿಸಿಕೊಂಡು ಕಾಯುತ್ತಿದ್ದ.

ನದಿಯ ಮೂಲವೆಂದು ಹೇಳುವ ಶಂಕರಹೊಂಡ ಶಿರಸಿ ಪೇಟೆಯಲ್ಲೇ ಇದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದರೂ ನಿಂತು ನೋಡಿದ್ದು ಅಂದೇ. ಅಲ್ಲಿಂದ ಕುಮಟಾ ರಸ್ತೆ ಹಿಡಿದು, ಅಮ್ಮಿನಳ್ಳಿಯಲ್ಲಿ ಎಡಕ್ಕೆ ಹೊರಳಿ, ಹೆಗ್ಗರಣೆ ದಾಟಿ ಉಂಚಳ್ಳಿಗೆ ಹೋದೆವು. ಶಂಕರಹೊಂಡದ ನೀರು ಇಲ್ಲಿ 116 ಮೀಟರ್ ಎತ್ತರದಿಂದ ಬೀಳುತ್ತದೆ ಎಂದರೆ ನಂಬುವುದು ಕಷ್ಟ. ಸದ್ದಿಗೆ ಕಿವಿ ಮುಚ್ಚಿಹೋಗುತ್ತದೆಂದೇ ಇದಕ್ಕೆ ಕೆಪ್ಪಜೋಗ ಎಂಬ ಹೆಸರು. ನಾನು ರೀಲ್ಸ್ ಮಾಡುವುದರಲ್ಲಿ ಮುಳುಗಿದ್ದೆ. ಅವನು ಕಂಬಿ ಹಿಡಿದು ನಿಂತು ನನ್ನ ಕಡೆ ತಿರುಗಿ ಏನೋ ಹೇಳಿದ. ಕೇಳಿಸಲಿಲ್ಲ. ‘ಎಂತದು?’ ಎಂದು ಕೂಗಿದೆ. ತಲೆ ಅಲ್ಲಾಡಿಸಿ ಸುಮ್ಮನಾದ.

ದೇವಿಮನೆಯಲ್ಲಿ ಕೈಮುಗಿದು ಘಟ್ಟ ಇಳಿದೆವು. ಒಂದೊಂದು ತಿರುವಿಗೂ ಸೆಖೆ ಏರುತ್ತಿತ್ತು. ಕುಮಟಾದಲ್ಲಿ ಬನ್ಸ್, ಭಾಜಿ. ಸಾಮಾನ್ಯವಾಗಿ ನಾಲ್ಕು ಬನ್ಸ್ ತಿನ್ನುವವನು ಒಂದನ್ನೇ ಮುರಿದು ಕೂತಿದ್ದ. ‘ಹೊಟ್ಟೆ ಸರಿ ಇಲ್ಲೆ’ ಎಂದ. ನಾನು ಅವನ ಪಾಲನ್ನೂ ತಿಂದೆ.

ಕಾಗಾಲ ದಾಟಿ ಅಘನಾಶಿನಿ ಊರಿಗೆ ಬಂದಾಗ ನದಿ ಗುರುತೇ ಸಿಗದಷ್ಟು ಅಗಲವಾಗಿತ್ತು. ದಾರಿಯಲ್ಲಿ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲಿಯೇ. ನೀರು ಇಳಿದ ಜಾಗದಲ್ಲಿ ಹೆಂಗಸರು ಬಗ್ಗಿ ಬಳಚು ಹೆಕ್ಕುತ್ತಿದ್ದರು. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿದ್ದನ್ನು ಪೇಪರಿನಲ್ಲಿ ಓದಿದ್ದೆ. ಆಚೆ ದಡ ತದಡಿ. ಬೈಕನ್ನೂ ಹತ್ತಿಸಿಕೊಂಡು ದಾಟಿಸುತ್ತಾರೆ.

ನಡುನೀರಿನಲ್ಲಿ ಅವನು ಎರಡನೇ ಸಲ ಬಾಯಿಬಿಟ್ಟ. ‘ಆರು ಸಬ್ಜೆಕ್ಟ್ ಹೋಯ್ದು. ಇಯರ್ ಬ್ಯಾಕ್. ಮನೇಲಿ ಹೇಳಿದ್ನಿಲ್ಲೆ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ರಿಸಲ್ಟ್ ಬಂದು ತಿಂಗಳಾಗಿತ್ತು. ಆ ದಿನ ನಾನು ನನ್ನ ಎಸ್‌ಜಿಪಿಎ ಸ್ಟೇಟಸ್ ಹಾಕಿ, ಎಷ್ಟು ಜನ ನೋಡಿದರು ಎಂದು ಎಣಿಸುತ್ತಿದ್ದೆ. ಅವನೂ ನೋಡಿದ್ದ. ‘ನಿಂದು ಎಷ್ಟಾಯ್ತು?’ ಎಂದು ನಾನು ಕೇಳಲೇ ಇಲ್ಲ. ಬೇರೆ ಬ್ರ್ಯಾಂಚು, ಬೇರೆ ಪಿ.ಜಿ. ಎಂಬುದೆಲ್ಲ ನೆಪ. ಅವರ ತೋಟಕ್ಕೆ ಆ ಮಳೆಗಾಲ ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿತ್ತು. ಅದರ ಮೇಲೆ ಇದನ್ನೂ ಹೇಗೆ ಹೇಳಲಿ ಎಂಬುದೇ ಅವನ ಸಂಕಟ. ಇನ್ನೊಂದು ವರ್ಷದ ಫೀಸು, ರೂಮ್ ಬಾಡಿಗೆ ಎಲ್ಲ ಲೆಕ್ಕ ಹಾಕಿ ಇಟ್ಟುಕೊಂಡಿದ್ದ. ‘ಬಿಟ್ಟುಬಿಡ್ತೆ’ ಎಂದ.

ಗೋಕರ್ಣದ ಕಡಲ ದಂಡೆಯಲ್ಲಿ ಸಂಜೆಯವರೆಗೆ ಕೂತೆವು. ನಾನು ಬುದ್ಧಿ ಹೇಳಲಿಲ್ಲ, ಹೇಳುವ ಯೋಗ್ಯತೆಯೂ ಇರಲಿಲ್ಲ. ಕೊನೆಗೆ ಒಂದೇ ಮಾತು: ‘ಇವತ್ತೇ ಹೇಳು. ನಾನು ಪಕ್ಕದಲ್ಲೇ ಇರ್ತೆ.’

ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತುವಾಗ ಕತ್ತಲು. ಎದುರಿಗೆ ಸಾಲು ಸಾಲು ಲಾರಿ. ಇಬ್ಬರೂ ಮಾತಾಡಲಿಲ್ಲ. ಅವರ ಮನೆ ಅಂಗಳದಲ್ಲಿ ಬೈಕ್ ನಿಲ್ಲಿಸಿದಾಗ ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. ಅವನು ಹೆಲ್ಮೆಟ್ ಕೂಡ ತೆಗೆಯದೆ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಅವರು ಎದ್ದು ಅಂಗಳದಂಚಿಗೆ ಹೋಗಿ ಉಗುಳಿ ಬಂದರು. ಆ ಒಂದು ನಿಮಿಷ ನನಗೆ ದಿನವಿಡೀ ಮಾಡಿದ ಪ್ರಯಾಣಕ್ಕಿಂತ ಉದ್ದ ಅನ್ನಿಸಿತು.

‘ಕೊಳೆ ಬಂತು ಹೇಳಿ ತೋಟ ಕಡಿಯಲೆ ಆಗ್ತನಾ ತಮಾ?’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಕೈಕಾಲು ತೊಳ್ಕಂಡು ಬನ್ನಿ, ಊಟ ಮಾಡನ.’ ಅಪ್ಪೆಹುಳಿ ಇತ್ತು. ಅವನು ಮೂರು ಸಲ ಅನ್ನ ಹಾಕಿಸಿಕೊಂಡ.

ಅವನ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆದಿದ್ದೇನೆ. ಆಮೇಲೆ ಪ್ರತಿ ಭಾನುವಾರ ನನ್ನ ರೂಮಿಗೆ ಪುಸ್ತಕ ಹಿಡಿದು ಬರತೊಡಗಿದ. ಈ ಸಲ ರಿಸಲ್ಟ್ ಬಂದ ದಿನ, ಸ್ಟೇಟಸ್ ಹಾಕುವ ಮೊದಲು ಅವನಿಗೆ ಫೋನ್ ಮಾಡಿದೆ. ‘ಎರಡು ಪಾಸು, ಇನ್ನು ನಾಲ್ಕು ಬಾಕಿ’ ಎಂದ. ಈ ಸಲ ಮೊದಲ ಬಾರಿಗೇ ಕೇಳಿಸಿತು.