ಬಿರುಕಿಗೆ ಮೊದಲೇ ನಿವೃತ್ತಿ

ನಕ್ಷೆಯ ಮೇಲೆ ಬೆಂಗಳೂರಿನಿಂದ ಮಂಗಳೂರಿಗೆ ನೇರ ಗೆರೆಯೊಂದನ್ನು ಎಳೆದರೆ ಅದು ಮೂಡಿಗೆರೆ ಮತ್ತು ಸಕಲೇಶಪುರಗಳ ನಡುವೆ, ಹೇಮಾವತಿ ಹುಟ್ಟುವ ಜಾವಳಿಯಿಂದ ಹೆಚ್ಚು ದೂರವಿಲ್ಲದ ಕಾಫಿ ಸೀಮೆಯನ್ನು ಹಾದು, ಘಟ್ಟದಂಚಿನಿಂದ ಕರಾವಳಿಗೆ ಇಳಿಯುತ್ತದೆ. ಸುಮಾರು 300 ಕಿಲೋಮೀಟರಿನ ಈ ದೂರವನ್ನು ಜೆಟ್ ವಿಮಾನ ಒಂದು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅದೇ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನಕ್ಕೆ ಸುಮಾರು 14,000 ಕಿಲೋಮೀಟರ್ ಕ್ರಮಿಸಲು ಹದಿನಾರು ತಾಸಿಗೂ ಹೆಚ್ಚು ಕಾಲ ಬೇಕು. ಇಂಧನದ ಲೆಕ್ಕದಲ್ಲಿ, ಸಿಬ್ಬಂದಿಯ ದುಡಿಮೆಯ ಲೆಕ್ಕದಲ್ಲಿ ಈ ಎರಡು ಪ್ರಯಾಣಗಳಿಗೆ ಹೋಲಿಕೆಯೇ ಇಲ್ಲ. ಆದರೆ ಎಂಜಿನ್‌ನ ಹೊಟ್ಟೆಯೊಳಗೆ ತಿರುಗುವ ಕೆಲವು ಭಾರವಾದ ಭಾಗಗಳ ದಾಖಲೆಯಲ್ಲಿ ಎರಡಕ್ಕೂ ಬೀಳುವುದು ಒಂದೊಂದೇ ಗೀಟು. ಆ ಗೀಟುಗಳು ಮೊದಲೇ ಗೊತ್ತುಪಡಿಸಿದ ಸಂಖ್ಯೆಯನ್ನು ಮುಟ್ಟಿದ ದಿನ, ನೋಡಲು ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಆ ಭಾಗವನ್ನು ಎಂಜಿನ್‌ನಿಂದ ತೆಗೆಯಲೇಬೇಕು.

ಇಂಥ ಭಾಗಗಳನ್ನು ಆಯುರ್ಮಿತಿಯುಳ್ಳ ಭಾಗಗಳು ಎನ್ನಬಹುದು. ವಿಮಾನ ದುರಸ್ತಿಯ ಕಾರ್ಯಾಗಾರಗಳಲ್ಲಿ ಎಲ್ಲರೂ ಹೇಳುವುದು ಎಲ್‌ಎಲ್‌ಪಿ ಎಂದು. ಗಾಳಿಯನ್ನು ಒತ್ತುವ ಕಂಪ್ರೆಸರ್ ಮತ್ತು ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಇವೆರಡರ ಅಲಗುಗಳನ್ನು, ಅಂದರೆ ಬ್ಲೇಡುಗಳನ್ನು, ಅಂಚಿನಲ್ಲಿ ಹಿಡಿದುಕೊಂಡಿರುವ ಡಿಸ್ಕ್‌ಗಳು, ಮುಂಭಾಗದ ದೊಡ್ಡ ಫ್ಯಾನಿನ ಗುಂಬ, ಇವನ್ನೆಲ್ಲ ಜೋಡಿಸುವ ಶಾಫ್ಟುಗಳು ಈ ಪಟ್ಟಿಯಲ್ಲಿ ಮುಖ್ಯವಾದವು. ಅಲಗುಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಇರುವುದಿಲ್ಲವೆಂಬುದು ಮೊದಲಿಗೆ ವಿಚಿತ್ರವೆನಿಸೀತು, ಏಕೆಂದರೆ ಎಂಜಿನ್‌ನ ತಿರುಗುವ ಭಾಗಗಳಲ್ಲಿ ಅತಿ ಹೆಚ್ಚು ಬಿಸಿಯನ್ನು ಉಣ್ಣುವವು ಟರ್ಬೈನ್ ಅಲಗುಗಳೇ. ಕಾರಣ ಇಷ್ಟೆ: ಅಲಗೊಂದು ಕಳಚಿ ಹಾರಿದರೆ ಅದನ್ನು ಎಂಜಿನ್‌ನ ಹೊರಕವಚ ತಡೆದು ಒಳಗೇ ಹಿಡಿದಿಡಬೇಕೆಂಬುದು ನಿಯಮ, ಮತ್ತು ಪ್ರತಿ ಹೊಸ ಮಾದರಿಯ ಎಂಜಿನ್ ಇದನ್ನು ಪರೀಕ್ಷೆಯಲ್ಲಿ ತೋರಿಸಿಯೇ ಪರವಾನಗಿ ಪಡೆಯಬೇಕು. ಡಿಸ್ಕ್ ಒಡೆದರೆ ಅದನ್ನು ತಡೆಯಬಲ್ಲ ಕವಚವೇ ಇಲ್ಲ. ಮಾಡಹೊರಟರೆ ಅದರ ತೂಕಕ್ಕೆ ವಿಮಾನ ಮೇಲೇಳಲಾರದು. ತಡೆಯಲಾಗದ ಅನಾಹುತವನ್ನು ಸಂಭವಿಸದಂತೆಯೇ ನೋಡಿಕೊಳ್ಳಬೇಕಾದ್ದರಿಂದ ಡಿಸ್ಕಿಗೆ ಆಯುಸ್ಸನ್ನು ಮುಂಚಿತವಾಗಿ ಬರೆದಿಡುವ ಪದ್ಧತಿ ಬಂತು.

ಡಿಸ್ಕಿನ ಮೇಲೆ ಬೀಳುವ ಹೊರೆಯ ಅಂದಾಜಿಗೆ ಒಂದು ಸರಳ ಲೆಕ್ಕ ಸಾಕು. ನಡುವಿನಿಂದ 35 ಸೆಂಟಿಮೀಟರ್ ದೂರದಲ್ಲಿ ಕೂತು ನಿಮಿಷಕ್ಕೆ 14,000 ಸುತ್ತು ತಿರುಗುವ ಟರ್ಬೈನ್ ಅಲಗು ಗುರುತ್ವದ ಎಪ್ಪತ್ತು ಸಾವಿರ ಪಟ್ಟಿಗೂ ಮೀರಿದ ಸೆಳೆತಕ್ಕೆ ಒಳಗಾಗುತ್ತದೆ. ಎಂದರೆ ಕೇವಲ 100 ಗ್ರಾಂ ತೂಕದ ಒಂದು ಅಲಗು ಡಿಸ್ಕಿನ ಅಂಚನ್ನು 7 ಟನ್ನಿಗಿಂತ ಹೆಚ್ಚಿನ ಬಲದಿಂದ ಹೊರಕ್ಕೆ ಎಳೆಯುತ್ತದೆ, ಮತ್ತು ಅಂಥ ಹತ್ತಾರು ಅಲಗುಗಳು ಸುತ್ತಲೂ ಏಕಕಾಲಕ್ಕೆ ಎಳೆಯುತ್ತಿರುತ್ತವೆ. ಇದರ ಜೊತೆಗೆ ಎಂಜಿನ್ ಚಾಲೂ ಆದಾಗ ಡಿಸ್ಕಿನ ಅಂಚು ಬೇಗ ಕಾಯುತ್ತದೆ, ದಪ್ಪವಾದ ನಡುಭಾಗ ತಡವಾಗಿ ಕಾಯುತ್ತದೆ. ಹಿಗ್ಗುವ ಅಂಚಿಗೂ ಇನ್ನೂ ಹಿಗ್ಗದ ನಡುವಿಗೂ ಜಗ್ಗಾಟ ನಡೆಯುತ್ತದೆ. ವೇಗ ಸ್ಥಿರವಾಗಿ, ಬಿಸಿ ಸಮವಾಗಿ ಹರಡಿದ ಮೇಲೆ ಈ ಜಗ್ಗಾಟ ಬಹುಮಟ್ಟಿಗೆ ತಗ್ಗುತ್ತದೆ. ಬೇಲಿಯ ತಂತಿಯನ್ನು ಒಮ್ಮೆ ಬಗ್ಗಿಸಿ ಹಾಗೇ ಬಿಟ್ಟರೆ ಅದು ವರ್ಷಗಟ್ಟಲೆ ಇರುತ್ತದೆ, ಅತ್ತಿತ್ತ ಹತ್ತು ಬಾರಿ ಬಗ್ಗಿಸಿದರೆ ತುಂಡಾಗುತ್ತದೆ. ಡಿಸ್ಕಿನ ಲೋಹವೂ ದಣಿಯುವುದು ಹೊರೆಯ ಏರಿಳಿತದಿಂದಲೇ. ಆದ್ದರಿಂದ ಎಂಜಿನ್ ಚಾಲೂ ಆಗಿ, ಪೂರ್ಣ ಬಲಕ್ಕೆ ಏರಿ, ಹಾರಾಟ ಮುಗಿಸಿ ನಿಲ್ಲುವುದನ್ನು ಒಂದು ಆವರ್ತವೆಂದು ಎಣಿಸುತ್ತಾರೆ. ಹಲವು ಬೋಯಿಂಗ್ 737 ವಿಮಾನಗಳಲ್ಲಿರುವ ಸಿಎಫ್‌ಎಂ56-7ಬಿ ಎಂಜಿನ್‌ನಲ್ಲಿ ಒಳತಿರುಳಿನ ಡಿಸ್ಕ್‌ಗಳಿಗೆ 20,000, ಹಿಂಬದಿಯ ಕಡಿಮೆ ಒತ್ತಡದ ಟರ್ಬೈನಿಗೆ 25,000, ಮುಂದಿನ ಫ್ಯಾನ್ ಭಾಗಕ್ಕೆ 30,000 ಆವರ್ತಗಳೆಂಬುದು ಸಾಮಾನ್ಯ ಮಿತಿ. ಮಂಗಳೂರಿನಂಥ ಹತ್ತಿರದ ಊರುಗಳ ನಡುವೆ ದಿನಕ್ಕೆ ಎಂಟು ಬಾರಿ ಏರಿಳಿಯುವ ವಿಮಾನದ ಡಿಸ್ಕ್ 20,000 ಆವರ್ತಗಳನ್ನು ಏಳು ವರ್ಷದೊಳಗೆ ತೀರಿಸಿಬಿಡುತ್ತದೆ. ದಿನಕ್ಕೆ ಎರಡೇ ದೂರಪ್ರಯಾಣ ಮಾಡುವುದಕ್ಕೆ ಅಷ್ಟೇ ಆವರ್ತಗಳು ಇಪ್ಪತ್ತೇಳು ವರ್ಷ ಬರುತ್ತವೆ.

ಈ ಸಂಖ್ಯೆಗಳನ್ನು ಎಲ್ಲಿಂದ ತಂದರು ಎಂಬ ಪ್ರಶ್ನೆಗೆ ಉತ್ತರ ಪ್ರಯೋಗ ಮತ್ತು ಸಂಖ್ಯಾಶಾಸ್ತ್ರ ಎರಡರಲ್ಲೂ ಇದೆ. ಲೋಹದ ಮಾದರಿ ತುಂಡುಗಳನ್ನು ಯಂತ್ರಗಳಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು ಬಿರುಕು ಮೂಡುವವರೆಗೆ ಎಣಿಸುತ್ತಾರೆ. ಇಡೀ ಡಿಸ್ಕನ್ನು ಗಾಳಿ ತೆಗೆದ ಗಟ್ಟಿಮುಟ್ಟಾದ ಗುಂಡಿಯೊಳಗೆ ತೂಗುಹಾಕಿ ಸಾವಿರಾರು ಬಾರಿ ವೇಗ ಏರಿಸಿ ಇಳಿಸುತ್ತಾರೆ. ಗಾಳಿ ತೆಗೆಯುವುದು ಏಕೆಂದರೆ, ಇಲ್ಲವಾದರೆ ಡಿಸ್ಕನ್ನು ತಿರುಗಿಸುವ ಶಕ್ತಿಯೆಲ್ಲ ಗಾಳಿಯನ್ನು ಕಡೆದು ಬಿಸಿಮಾಡುವುದರಲ್ಲೇ ಮುಗಿಯುತ್ತದೆ. ಒಂದೇ ಎರಕದ ಲೋಹದಿಂದ, ಒಂದೇ ಯಂತ್ರದಲ್ಲಿ, ಒಂದೇ ಅಳತೆಗೆ ಮಾಡಿದ ಡಿಸ್ಕ್‌ಗಳ ಬಾಳಿಕೆಯೂ ಒಂದಕ್ಕಿಂತ ಒಂದು ಹಲವು ಪಟ್ಟು ಬೇರೆಯಾಗಿರುತ್ತದೆಂಬುದು ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಹಾಗಾಗಿ ಮಿತಿಯನ್ನು ಸರಾಸರಿ ಡಿಸ್ಕಿಗೆ ಹೊಂದಿಸದೆ ತೀರ ದುರ್ಬಲವಾದುದಕ್ಕೆ ಹೊಂದಿಸುತ್ತಾರೆ: ಸಾವಿರ ಡಿಸ್ಕ್‌ಗಳಲ್ಲಿ ಒಂದರಲ್ಲಿ ಸುಮಾರು 0.8 ಮಿಲಿಮೀಟರ್ ಉದ್ದದ ಬಿರುಕು ಕಾಣಿಸಿಕೊಳ್ಳಬಹುದಾದ ಘಟ್ಟವೇ ಎಲ್ಲ ಸಾವಿರದ ಕೊನೆಯೆಂದು ಹಲವು ದಶಕ ನಡೆದುಬಂದ ಒಂದು ರೂಢಿ.

ಇದರ ಅರ್ಥ, ಗುಜರಿಗೆ ಹೋಗುವ ಸಾವಿರ ಡಿಸ್ಕ್‌ಗಳಲ್ಲಿ ಒಂಬೈನೂರ ತೊಂಬತ್ತೊಂಬತ್ತು ಬಿರುಕೇ ಬಿಡದವು. ದುಬಾರಿ ಲೋಹಗಳಿಂದ ಮಾಡಿದ, ಒಂದು ಎಂಜಿನ್ನಿಗೆ ಪೂರ್ತಿ ಬದಲಿಸಲು ಕೋಟಿಗಟ್ಟಲೆ ರೂಪಾಯಿ ಬೇಕಾಗುವ ಈ ಭಾಗಗಳ ವಿಷಯದಲ್ಲಿ ಇದು ಅಪವ್ಯಯವೆಂದು ಯಾರಿಗಾದರೂ ತೋರುತ್ತದೆ. ಅಮೆರಿಕದ ವಾಯುಪಡೆಗೂ ಹಾಗೇ ತೋರಿತು. 1980ರ ದಶಕದಲ್ಲಿ ಅದು ಎಫ್100 ಎಂಜಿನ್‌ಗಳ ಆಯ್ದ ಭಾಗಗಳಿಗೆ, ಮಿತಿ ಮುಗಿದ ಮೇಲೂ ಪ್ರತಿಯೊಂದನ್ನೂ ಸೂಕ್ಷ್ಮವಾಗಿ ತಪಾಸಣೆ ಮಾಡಿ, ಬಿರುಕು ಕಂಡದ್ದನ್ನು ಮಾತ್ರ ತೆಗೆದುಹಾಕುವ ಕ್ರಮವನ್ನು ಜಾರಿಗೆ ತಂದಿತು. ಪ್ರಯಾಣಿಕ ವಿಮಾನಗಳ ಲೋಕ ಆ ದಾರಿಯನ್ನು ಹಿಡಿಯಲಿಲ್ಲ. ಹಿಡಿಯದಿದ್ದುದು ಸರಿಯೆಂದೇ ಹೇಳಬೇಕಾಗುತ್ತದೆ, ಏಕೆಂದರೆ ಆ ಕ್ರಮ ನಿಂತಿರುವುದು ತಪಾಸಣೆಗೆ ಬಿರುಕು ತಪ್ಪದೆ ಸಿಕ್ಕುತ್ತದೆಂಬ ನಂಬಿಕೆಯ ಮೇಲೆ, ಮತ್ತು ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಅದೇ ದಶಕದ ಕೊನೆಯಲ್ಲಿ.

1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಮೇಲೆ ಹಾರುತ್ತಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಒಡೆಯಿತು. ಚೂರುಗಳು ವಿಮಾನವನ್ನು ತಿರುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳ ಕೊಳವೆಗಳನ್ನು ಕತ್ತರಿಸಿಹಾಕಿದವು. ಉಳಿದ ಎರಡು ಎಂಜಿನ್‌ಗಳ ಬಲವನ್ನು ಹೆಚ್ಚುಕಡಿಮೆ ಮಾಡುತ್ತಲೇ ವಿಮಾನವನ್ನು ಸೂ ಸಿಟಿಯ ನಿಲ್ದಾಣದವರೆಗೆ ತಂದ ಸಿಬ್ಬಂದಿಯ ಸಾಹಸದಿಂದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಡಿಸ್ಕಿನ ಮುಖ್ಯ ತುಂಡು ಸಿಕ್ಕಿದ್ದು ಸುಮಾರು ಮೂರು ತಿಂಗಳ ಮೇಲೆ, ಮೆಕ್ಕೆಜೋಳದ ಹೊಲದ ಕೊಯ್ಲಿನ ಹೊತ್ತಿನಲ್ಲಿ. ಆ ಡಿಸ್ಕಿನ ಮಿತಿ 18,000 ಆವರ್ತ, ಒಡೆದದ್ದು 15,503ರಲ್ಲಿ. ಒಡೆದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿರುಕಿನ ಮೂಲದಲ್ಲಿ ಒಂದೂವರೆ ಮಿಲಿಮೀಟರಿಗೂ ಕಡಿಮೆ ಉದ್ದದ ಒಂದು ಕುಳಿ ಕಂಡಿತು. ಟೈಟಾನಿಯಂ ಕರಗಿಸುವಾಗ ನೈಟ್ರೋಜನ್ ಸೇರಿ ಉಂಟಾದ ಗಡುಸು ಕಲೆಯೊಂದು ಅಲ್ಲಿತ್ತು. ಬಿರುಕು ಬಹುಶಃ ಡಿಸ್ಕಿನ ಮೊದಲ ಹಾರಾಟಗಳಿಂದಲೇ ಬೆಳೆಯತೊಡಗಿತ್ತು. ಅಪಘಾತಕ್ಕೆ 760 ಹಾರಾಟಗಳ ಮುಂಚೆ ನಡೆದಿದ್ದ ಕೊನೆಯ ತಪಾಸಣೆಯ ಹೊತ್ತಿಗೆ ಅದು ಮೇಲ್ಮೈಯಲ್ಲಿ ಸುಮಾರು ಹನ್ನೆರಡು ಮಿಲಿಮೀಟರ್ ಉದ್ದವಿತ್ತು. ಬಿರುಕಿಗೆ ಇಳಿದು ಹೊಳೆಯುವ ದ್ರವವನ್ನು ಹಚ್ಚಿ ನೋಡುವುದೇ ಆ ತಪಾಸಣೆಯ ವಿಧಾನ. ದ್ರವ ಬಿರುಕಿನೊಳಗೆ ಇಳಿದಿದ್ದ ಕುರುಹೂ ಒಡೆದ ಮುಖದ ಮೇಲೆ ಸಿಕ್ಕಿತು. ನೋಡಿದವರ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ.

ಈ ತನಿಖೆಯಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ತಯಾರಿಕಾ ದಾಖಲೆಗಳನ್ನು ಕೆದಕಿದಾಗ 1971ರಲ್ಲಿ ಒಂದೇ ಕ್ರಮಸಂಖ್ಯೆಯ ಎರಡು ಡಿಸ್ಕ್‌ಗಳು ಕಾರ್ಖಾನೆಯಲ್ಲಿ ಸಾಗಿದ್ದಂತೆ ತೋರಿತು, ಮತ್ತು ಅವುಗಳಲ್ಲಿ ಒಂದು ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ತಿರಸ್ಕೃತವಾಗಿತ್ತು. ಲೋಹದ ದೋಷದಷ್ಟೇ ಕಾಗದದ ದೋಷವೂ ಅಪಾಯಕಾರಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅಯೋವಾದ ಬಳಿಕ ನಿಯಮಗಳ ತಿರುಳೇ ಬದಲಾಯಿತು. ದೋಷವಿಲ್ಲದ ಲೋಹ ದಣಿಯಲು ಎಷ್ಟು ಆವರ್ತ ಬೇಕೆಂಬ ಹಳೆಯ ಪ್ರಶ್ನೆಯ ಜೊತೆಗೆ, ಲೋಹದೊಳಗೆ ಮೊದಲೇ ದೋಷವಿದ್ದರೆ ಅದು ಎಷ್ಟು ಬೇಗ ಬೆಳೆದೀತು ಎಂಬ ಪ್ರಶ್ನೆಗೂ ತಯಾರಕರು ಲೆಕ್ಕ ಕೊಡಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ 2001ರಲ್ಲಿ ಮಾರ್ಗಸೂಚಿ ಹೊರಡಿಸಿ, 2007ರಲ್ಲಿ ಅದನ್ನು ನಿಯಮವಾಗಿಸಿತು. ಅಷ್ಟಾದರೂ 2016ರ ಅಕ್ಟೋಬರ್ 28ರಂದು ಷಿಕಾಗೋದಲ್ಲಿ ಓಡುದಾರಿಯ ಮೇಲೆ ವೇಗ ಪಡೆಯುತ್ತಿದ್ದ ಬೋಯಿಂಗ್ 767 ವಿಮಾನದ ಟರ್ಬೈನ್ ಡಿಸ್ಕ್ ತನ್ನ 15,000 ಆವರ್ತಗಳ ಮಿತಿಯಲ್ಲಿ 10,984ನ್ನಷ್ಟೇ ಮುಗಿಸಿ ಒಡೆಯಿತು. ಅದರ ಒಂದು ತುಂಡು ಸುಮಾರು 900 ಮೀಟರ್ ದೂರದ ಉಗ್ರಾಣದ ಛಾವಣಿ ಸೀಳಿ ಒಳಬಿದ್ದಿತ್ತು. ವಿಮಾನ ಇನ್ನೂ ನೆಲದ ಮೇಲಿದ್ದುದರಿಂದ ಒಳಗಿದ್ದ 170 ಮಂದಿಯೂ ಬದುಕಿದರು. ಆಯುರ್ಮಿತಿ ಎಂಬುದು ಖಾತರಿಪತ್ರವಲ್ಲ. ಅಪಾಯವನ್ನು ಒಪ್ಪಬಹುದಾದಷ್ಟು ಕೆಳಗೆ ಇಡುವ ಒಂದು ಲೆಕ್ಕ ಮಾತ್ರ.

ಕರ್ನಾಟಕಕ್ಕೆ ಈ ಲೆಕ್ಕ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗ 1957ರಲ್ಲಿ ಆರಂಭವಾದದ್ದೇ ನ್ಯಾಟ್ ಯುದ್ಧವಿಮಾನದ ಆರ್ಫಿಯಸ್ ಎಂಜಿನ್‌ಗಳನ್ನು ತಯಾರಿಸಲು. ಜೆಟ್ ಎಂಜಿನ್‌ಗಳ ವಿನ್ಯಾಸಕ್ಕೆ ಮೀಸಲಾದ ಜಿಟಿಆರ್‌ಇ ಕಾನ್ಪುರದಿಂದ 1961ರಲ್ಲಿ ಬೆಂಗಳೂರಿಗೆ ಬಂತು. 1965ರಿಂದ 1984ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಎಸ್.ಆರ್. ವಲ್ಲೂರಿ ಅವರು ಲೋಹದ ದಣಿವಿನ ಸಂಶೋಧನೆಯಿಂದಲೇ ಹೆಸರಾದವರು. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲಾಕ್ ಸಂಸ್ಥೆಯೂ ಇರುವುದು ಇದೇ ಊರಿನಲ್ಲಿ.

ಸೇನಾ ವಿಮಾನಗಳಲ್ಲಿ ಎಣಿಕೆ ಇನ್ನಷ್ಟು ತೊಡಕಾಗುತ್ತದೆ, ಏಕೆಂದರೆ ಪ್ರಯಾಣಿಕ ವಿಮಾನದಲ್ಲಿ ಒಂದು ಹಾರಾಟಕ್ಕೆ ಒಂದು ಆವರ್ತವೆಂದರೆ ಸಾಕಾಗುವಲ್ಲಿ, ಯುದ್ಧವಿಮಾನದ ಪೈಲಟ್ ಒಂದೇ ಹಾರಾಟದಲ್ಲಿ ಎಂಜಿನ್‌ನ ಬಲವನ್ನು ಹತ್ತಾರು ಬಾರಿ ತಗ್ಗಿಸಿ ಏರಿಸುತ್ತಾನೆ. ಬೀದರ್ ವಾಯುನೆಲೆಯ ಸೂರ್ಯಕಿರಣ ಪ್ರದರ್ಶನ ತಂಡವನ್ನು ನೋಡಿದವರಿಗೆ ಒಂಬತ್ತು ಹಾಕ್ ವಿಮಾನಗಳೂ ಒಂದೇ ಚಲನೆಯಲ್ಲಿ ಸಾಗುವಂತೆ ಕಾಣುತ್ತದೆ. ಆದರೆ ಮುಂದಾಳಿನ ಎಂಜಿನ್ ಹೆಚ್ಚುಕಡಿಮೆ ಸ್ಥಿರ ಬಲದಲ್ಲಿ ಓಡುವಾಗ, ಪಕ್ಕದವರು ಮತ್ತು ಹಿಂದಿನವರು ಅಂತರ ಕಾಯ್ದುಕೊಳ್ಳಲು ಕ್ಷಣಕ್ಷಣವೂ ಥ್ರಾಟಲ್ಲನ್ನು ಆಡಿಸುತ್ತಿರಬೇಕಾಗುತ್ತದೆ. ಬ್ರಿಟನ್ನಿನ ಇಂಥದೇ ತಂಡವಾದ ರೆಡ್ ಆರೋಸ್‌ನ ವಿಮಾನಗಳಲ್ಲಿ ಎಂಜಿನ್ ಬಳಕೆಯನ್ನು ಅಳೆದಾಗ, ಅಷ್ಟೇ ಹೊತ್ತು ಹಾರಿದರೂ ಹಿಂಬಾಲಕರ ಡಿಸ್ಕ್‌ಗಳು ಮುಂದಾಳಿನವಕ್ಕಿಂತ ಬಹಳ ಬೇಗ ಸವೆಯುತ್ತಿದ್ದುದು ತಿಳಿಯಿತು. ಹಾರಿದ ಗಂಟೆಗಳನ್ನು ಮಾತ್ರ ಬರೆದಿಡುವ ಪುಸ್ತಕ ಇಲ್ಲಿ ಸುಳ್ಳು ಹೇಳದೆಯೂ ದಾರಿ ತಪ್ಪಿಸುತ್ತದೆ. ಹಾರಾಟದಲ್ಲೇ ಎಂಜಿನ್‌ನ ವೇಗವನ್ನು ದಾಖಲಿಸಿ, ಪ್ರತಿ ಏರಿಳಿತವನ್ನೂ ಪೂರ್ಣ ಆವರ್ತದ ಒಂದು ಪಾಲಾಗಿ ಲೆಕ್ಕ ಹಿಡಿಯುವ ಉಪಕರಣಗಳು ಬಳಕೆಗೆ ಬಂದದ್ದು ಇದರಿಂದಲೇ.

ಎಣಿಕೆ ಮುಗಿದ ಡಿಸ್ಕ್ ಮುಂದೆ ಎಲ್ಲಿಗೆ ಹೋಗಬೇಕೆಂಬುದಕ್ಕೂ ನಿಯಮಗಳಿವೆ, ಮತ್ತು ಅವು ಬಿಗಿಯಾಗಿರುವುದಕ್ಕೆ ಕಾರಣವೂ ಸ್ಪಷ್ಟ: ಆಯುಸ್ಸು ಮುಗಿದ ಡಿಸ್ಕಿಗೂ ಅರ್ಧ ಆಯುಸ್ಸು ಉಳಿದ ಡಿಸ್ಕಿಗೂ ನೋಟದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ವ್ಯತ್ಯಾಸವಿರುವುದು ದಾಖಲೆಯಲ್ಲಿ ಮಾತ್ರ. ಆದ್ದರಿಂದ ಪ್ರತಿ ಡಿಸ್ಕಿಗೂ, ಕಾರ್ಖಾನೆಯಿಂದ ಹೊರಬಂದ ದಿನದಿಂದ ಯಾವ ಯಾವ ಎಂಜಿನ್‌ನಲ್ಲಿ, ಯಾವ ಬಲಮಟ್ಟದಲ್ಲಿ, ಎಷ್ಟು ಆವರ್ತ ನಡೆಯಿತೆಂಬ ಕಡಿಯದ ಸರಪಣಿ ಬೇಕು. ನಡುವೆ ಒಂದು ವಿಮಾನಸಂಸ್ಥೆ ದಿವಾಳಿಯಾಗಿ ಅದರ ಕಡತ ಕಳೆದುಹೋದರೆ, ಆ ಅವಧಿಯ ಬಳಕೆಯನ್ನು ಸಾಬೀತುಪಡಿಸುವ ದಾರಿ ಇಲ್ಲದಿದ್ದಲ್ಲಿ, ಕೋಟಿ ಬೆಲೆಯ ಡಿಸ್ಕ್ ಗುಜರಿಯ ಬೆಲೆಗೆ ಇಳಿಯುತ್ತದೆ. ಲಂಡನ್ನಿನ ಒಂದು ವ್ಯಾಪಾರ ಸಂಸ್ಥೆ ಸಿಎಫ್‌ಎಂ56 ಎಂಜಿನ್ ಭಾಗಗಳನ್ನು ಖೋಟಾ ಪ್ರಮಾಣಪತ್ರಗಳೊಡನೆ ಮಾರಿದ್ದು 2023ರಲ್ಲಿ ಬಯಲಾದಾಗ, ಹಲವು ದೇಶಗಳ ವಿಮಾನಸಂಸ್ಥೆಗಳು ತಮ್ಮ ಎಂಜಿನ್‌ಗಳನ್ನು ಬಿಚ್ಚಿ ನೋಡಬೇಕಾಗಿ ಬಂದದ್ದು ಕಾಗದದ ಈ ತೂಕದಿಂದಾಗಿ.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು, ಐರೋಪ್ಯ ನಿಯಮಗಳ ಮಾದರಿಯಲ್ಲೇ, ಮಿತಿ ಮುಟ್ಟಿದ ಭಾಗವನ್ನು ಉಳಿಸಿಕೊಳ್ಳಲಾಗದ್ದೆಂದು ವರ್ಗೀಕರಿಸಿ, ಅದು ಮತ್ತೆ ಪೂರೈಕೆಯ ಸರಣಿಗೆ ಸೇರದಂತೆ ನೋಡಿಕೊಳ್ಳುವ ಹೊಣೆಯನ್ನು ದುರಸ್ತಿ ಸಂಸ್ಥೆಗಳ ಮೇಲೆ ಹೊರಿಸುತ್ತವೆ. ಅಮೆರಿಕದ ನಿಯಮ 2002ರಿಂದ ಹಲವು ದಾರಿಗಳನ್ನು ಕೊಟ್ಟಿದೆ: ಭಾಗಕ್ಕೆ ಚೀಟಿ ಕಟ್ಟುವುದು, ಗುರುತು ಹಾಕುವುದು, ಬೇರೆ ಕೋಣೆಯಲ್ಲಿ ಬೀಗ ಹಾಕಿಡುವುದು, ಕೊನೆಗೆ ಅದನ್ನು ವಿರೂಪಗೊಳಿಸುವುದು. ವಿರೂಪಗೊಳಿಸುವುದರ ಬಗ್ಗೆ ಅಲ್ಲಿನ ಸಲಹಾಪತ್ರದಲ್ಲಿ ಗುಜರಿ ವ್ಯಾಪಾರದ ಕಹಿ ಅನುಭವವೆಲ್ಲ ಅಡಗಿದೆ. ಬಣ್ಣ ಬಳಿದರೆ ಸಾಲದು, ಬಣ್ಣ ತೊಳೆದುಹೋಗುತ್ತದೆ. ಸುತ್ತಿಗೆಯ ಏಟಿನ ಗುರುತು, ಸಣ್ಣ ತೂತು ಸಾಲದು, ತುಂಬಿ ಉಜ್ಜಿ ಮರೆಮಾಚಬಹುದು. ಎರಡು ತುಂಡಾಗಿ ಕತ್ತರಿಸಿದರೂ ಸಾಲದು, ಕೈಚಳಕವಿದ್ದವರು ಬೆಸೆದು ಮಾರಬಲ್ಲರು. ಹಲವು ಸಣ್ಣ ತುಂಡುಗಳಾಗಿ ಕೊಯ್ಯಬೇಕು, ಗ್ಯಾಸ್ ಜ್ವಾಲೆಯಿಂದ ಸುಟ್ಟು ಆಕಾರ ಕೆಡಿಸಬೇಕು, ಇಲ್ಲವೇ ಕರಗಿಸಬೇಕು. ಎಂಜಿನಿಯರಿಂಗ್ ಕಾಲೇಜಿಗೋ ಪ್ರದರ್ಶನಕ್ಕೋ ಕೊಡುವ ಭಾಗವನ್ನು ಇಡಿಯಾಗಿ ಉಳಿಸಬಹುದು, ಆದರೆ ಹಾರಾಟಕ್ಕೆ ಸಲ್ಲದೆಂಬ ಅಳಿಸಲಾಗದ ಗುರುತು ಅದರ ಮೇಲಿರಬೇಕು, ಮತ್ತು ಅದರ ಕ್ರಮಸಂಖ್ಯೆಯ ಫಲಕವಾಗಲಿ ಹಾರಾಟದ ಕಡತಗಳಾಗಲಿ ಅದರ ಜೊತೆ ಹೋಗಬಾರದು.